ದೇಹದ ತೂಕವೂ ಸರ್ವಾಂಗವೇದನೆಯೂ

ಕೊಡಗಿನಲ್ಲಿ ನಂಜರಾಯಪಟ್ಟಣದ ಬಳಿ ಕಾವೇರಿಯ ದಡದಲ್ಲಿರುವ ದುಬಾರೆಯು ಹಿಂದೆ ಕಾಡಿನ ದಿಮ್ಮಿಗಳನ್ನು ಎಳೆಸುವುದಕ್ಕಾಗಿ ಆನೆಗಳನ್ನು ಪಳಗಿಸಿ ಸಾಕುತ್ತಿದ್ದ ಶಿಬಿರ. ದಿಮ್ಮಿ ಎಳೆಸುವ ಕೆಲಸ ನಿಂತುಹೋದ ಮೇಲೂ ಆನೆಗಳು ಅಲ್ಲಿಯೇ ಉಳಿದಿವೆ. ಅವುಗಳನ್ನು ನೋಡಿಕೊಳ್ಳುವ ಮಾವುತರೂ ಕಾವಾಡಿಗಳೂ ಬಹುಮಟ್ಟಿಗೆ ಜೇನುಕುರುಬರೇ. ಗೋಪಿ, ಧನಂಜಯ, ಕಾವೇರಿ ಮೊದಲಾದ ದುಬಾರೆಯ ಆನೆಗಳು ದಸರೆಗಾಗಿ ಮೈಸೂರಿಗೆ ಹೋದಾಗ ಅವುಗಳನ್ನು ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುವುದು ವಾಡಿಕೆಯಾಗಿದೆ. ಪ್ರಾಯದ ಗಂಡಾನೆಯ ತೂಕವು ೫೦೦೦ ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಮೆರವಣಿಗೆಯ ಚಿನ್ನದ ಅಂಬಾರಿಯ ತೂಕ ಸುಮಾರು ೭೫೦ ಕಿಲೋಗ್ರಾಮು. ಮರುದಿನ ವೃತ್ತಪತ್ರಿಕೆಗಳಲ್ಲಿ ಆನೆಯಾನೆಯ ತೂಕವೂ ಅಚ್ಚಾಗುತ್ತದೆ. ಹೆಚ್ಚು ತೂಗಿದ ಆನೆಯನ್ನು ಜನರು ಬಲಿಷ್ಠವೆಂದು ಮೆಚ್ಚಿಕೊಳ್ಳುತ್ತಾರೆ. ಅದೇ ಜನರು, ಮೈಯೆಲ್ಲ ನೋಯುತ್ತದೆಂದು ಹೇಳಿಕೊಳ್ಳುವ ಸ್ಥೂಲಕಾಯದ ಹೆಂಗಸೊಬ್ಬಳನ್ನು ಕಂಡರೆ ತೂಕವೇ ಅವಳ ಅಪರಾಧವೆಂಬಂತೆ ಮಾತನಾಡುತ್ತಾರೆ. ಒಂದು ಕಡೆ ಭಾರವೇ ಬಲ, ಇನ್ನೊಂದು ಕಡೆ ಭಾರವೇ ರೋಗ. ಈ ಎರಡು ತೀರ್ಪುಗಳೂ ತಕ್ಕಡಿಯೊಂದನ್ನೇ ಪ್ರಮಾಣವಾಗಿ ಹಿಡಿದು ಹುಟ್ಟಿದವು. ದೇಹದ ತೂಕಕ್ಕೂ ಸರ್ವಾಂಗವೇದನೆಗೂ ಇರತಕ್ಕ ಸಂಬಂಧವು ಎಂಥದು, ಶಾಸ್ತ್ರಗಳು ಅದನ್ನು ಹೇಗೆ ಕಂಡಿವೆ, ಇಂದಿನ ವೈದ್ಯರು ಹೇಗೆ ಕಾಣುತ್ತಿದ್ದಾರೆ ಎಂಬುದು ಇಲ್ಲಿ ವಿಚಾರಣೀಯ.

ಮೊದಲು ಆನೆಯ ಮಾತನ್ನೇ ಮುಗಿಸಬಹುದು. ಏಕೆಂದರೆ ಮುಂದೆ ಮನುಷ್ಯನ ವಿಷಯದಲ್ಲಿ ಬೇಕಾಗುವ ಒಂದು ವಿವೇಕವು ಅಲ್ಲಿ ಬಹು ಸ್ಪಷ್ಟವಾಗಿ ದೊರೆಯುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯ ಆಧಾರದಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷನ ಕರ್ತವ್ಯಗಳು ಹೇಳಲ್ಪಟ್ಟಿವೆ. ಅಲ್ಲಿ ಉತ್ತಮವಾದ ಆನೆಗೆ ಏಳು ಅರತ್ನಿ ಎತ್ತರ, ಒಂಬತ್ತು ಅರತ್ನಿ ಉದ್ದ, ಹತ್ತು ಅರತ್ನಿ ಸುತ್ತಳತೆ, ನಲವತ್ತು ವರ್ಷ ವಯಸ್ಸು ಎಂಬ ಲಕ್ಷಣವಿದೆ, ತೂಕದ ಮಾತಿಲ್ಲ. ಅದರ ಬದಲಿಗೆ ಕೌಟಿಲ್ಯನು ಏಳು ಶೋಭೆಗಳನ್ನು ಎಣಿಸುತ್ತಾನೆ. ಸಂಜಾತಲೋಹಿತಾ, ಪ್ರತಿಚ್ಛನ್ನಾ, ಸಂಲಿಪ್ತಪಕ್ಷಾ, ಸಮಕಕ್ಷ್ಯಾ, ವ್ಯತಿಕೀರ್ಣಮಾಂಸಾ, ಸಮತಲ್ಪತಲಾ, ಜಾತದ್ರೋಣಿಕಾ ಎಂದು ಅವುಗಳ ಹೆಸರು. ಸೊರಗಿದ ಮೈಯಲ್ಲಿ ಮೊದಲು ರಕ್ತದ ಕಳೆ ತೋರುವುದು, ಬಳಿಕ ಎಲುಬುಗಳು ಮುಚ್ಚಿಕೊಳ್ಳುವುದು, ಪಕ್ಕೆಗಳಿಗೆ ಮಾಂಸದ ಲೇಪವಾಗುವುದು, ಹೀಗೆ ಏರುತ್ತ ಹೋಗಿ ಕೊನೆಗೆ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ ಮಾಂಸಮೇದಸ್ಸುಗಳು ಉಬ್ಬಿ ನಡುವೆ ದೋಣಿಯಂತೆ ತಗ್ಗು ಬೀಳುವುದು: ಇದು ಆ ಹೆಸರುಗಳಿಂದ ತಿಳಿದುಬರುವ ಕ್ರಮ. ಅನಂತರ ಅವನು ಹೇಳುವ ಮಾತು ಮುಖ್ಯವಾದುದು. ಭದ್ರಜಾತಿಯ ಮತ್ತು ಮಂದಜಾತಿಯ ಆನೆಗಳಿಗೆ ಈ ಶೋಭೆಯನ್ನು ಅನುಸರಿಸಿಯೇ ವ್ಯಾಯಾಮವನ್ನು ಮಾಡಿಸತಕ್ಕದ್ದು ಎಂಬುದು ವಿಧಿ. ಎಂದರೆ ಮೈಯ ಪುಷ್ಟಿಯನ್ನು ಕಾಣುವುದು ಹೊಗಳುವುದಕ್ಕೂ ಅಲ್ಲ, ತೆಗಳುವುದಕ್ಕೂ ಅಲ್ಲ; ಇಷ್ಟು ಪುಷ್ಟಿಯುಳ್ಳ ದೇಹಕ್ಕೆ ಎಷ್ಟು ಕೆಲಸ ಎಂದು ನಿಶ್ಚಯಿಸುವುದಕ್ಕೆ.

ದುಬಾರೆಯ ಮಾವುತನಿಗೆ ವೇಬ್ರಿಡ್ಜು ವರ್ಷದಲ್ಲಿ ಒಂದೆರಡು ದಿನದ ಮಾತು. ಉಳಿದ ದಿನಗಳಲ್ಲಿ ಅವನು ಆನೆಯನ್ನು ಹೊಳೆಯಲ್ಲಿ ಮಲಗಿಸಿ ತಿಕ್ಕುವಾಗ ಅದರ ಮೈಯನ್ನು ಕೈಯಿಂದಲೂ ಕಣ್ಣಿನಿಂದಲೂ ಅಳೆಯಬೇಕಾಗಿದೆ. ಇಂದಿನ ಪಶುವೈದ್ಯರೂ ಏಷ್ಯದ ಆನೆಯ ಮೈಕಟ್ಟಿಗೆ ಅಂಕಿಗಳನ್ನು ಕೊಡುವಾಗ ನೋಡತಕ್ಕವು ಕಣ್ಣಿನ ಮೇಲಣ ತಗ್ಗು, ಹೆಗಲ ಎಲುಬು, ಪಕ್ಕೆಲುಬು, ಬೆನ್ನೆಲುಬು, ಸೊಂಟದ ಎಲುಬುಗಳೇ. ಶೋಭಾಪರೀಕ್ಷೆಯೇ ಹೊಸ ಹೆಸರಿನಲ್ಲಿ ಮರಳಿ ಬಂದಿದೆಯೆನ್ನಬಹುದು. ಬ್ರಿಟನ್ನಿನ ಮೃಗಾಲಯಗಳ ಆನೆಗಳನ್ನು ಪರೀಕ್ಷಿಸಿ ೨೦೦೮ರಲ್ಲಿ ಹೊರಟ ವರದಿಯಲ್ಲಿ ಮುಕ್ಕಾಲು ಪಾಲು ಆನೆಗಳು ಅತಿಭಾರದವೆಂದು ಕಂಡುಬಂದಿತು. ಸರಿಯಾದ ನಡಿಗೆಯಿದ್ದವು ಐದರಲ್ಲಿ ಒಂದಕ್ಕಿಂತಲೂ ಕಡಮೆ. ಆದುದರಿಂದ ಭಾರವೇ ಬಲವೆಂಬ ದಸರೆಯ ಪ್ರೇಕ್ಷಕರ ತೀರ್ಪು ಆನೆಯ ವಿಷಯದಲ್ಲಿಯೂ ನಿಲ್ಲುವುದಿಲ್ಲ. ಇನ್ನು ಭಾರವೇ ರೋಗವೆಂಬ ಎರಡನೆಯ ತೀರ್ಪನ್ನು ಪರೀಕ್ಷಿಸಬೇಕು.

ಮೈಯ ಮೇಲೂ ಕೆಳಗೂ, ಎಡಕ್ಕೂ ಬಲಕ್ಕೂ ಹರಡಿ, ಮೂರು ತಿಂಗಳಿಗೆ ಕಡಮೆಯಿಲ್ಲದೆ ನಿಲ್ಲುವ ನೋವು. ಮಲಗಿ ಎದ್ದರೂ ಮಲಗದಂತೆಯೇ ಇರುವ ದಣಿವು. ನೆನಪು ಮಸುಕಾಗಿ ಮಾತು ತಡೆಯುವುದು: ಈ ಲಕ್ಷಣಸಮೂಹಕ್ಕೆ ಇಂದಿನ ವೈದ್ಯರು ಫೈಬ್ರೊಮಯಾಲ್ಜಿಯ ಎಂದು ಹೆಸರಿಟ್ಟಿದ್ದಾರೆ. ೧೯೦೪ರಲ್ಲಿ ವಿಲಿಯಂ ಗವರ್ಸ್ ಎಂಬ ಆಂಗ್ಲ ವೈದ್ಯನು ಇದರ ಹತ್ತಿರದ ಒಂದು ವ್ಯಾಧಿಯನ್ನು ಫೈಬ್ರೊಸೈಟಿಸ್ ಎಂದು ಕರೆದನು. ತಂತುಗಳ ಉರಿಯೂತವೆಂದು ಅದರ ಅರ್ಥ. ಉರಿಯೂತವು ಪರೀಕ್ಷೆಯಲ್ಲಿ ದೊರೆಯದೆ ಹೋದುದರಿಂದ ೧೯೭೬ರಲ್ಲಿ ಈಗಿನ ಹೆಸರು ಬಳಕೆಗೆ ಬಂದಿತು. ೧೯೯೦ರಲ್ಲಿ ಅಮೆರಿಕದ ಸಂಧಿವಾತವೈದ್ಯರ ಸಂಸ್ಥೆಯು ಮೈಯಲ್ಲಿ ೧೮ ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ ೧೧ನ್ನಾದರೂ ಒತ್ತಿದಾಗ ನೋವಾಗತಕ್ಕದ್ದೆಂದು ನಿಯಮ ಮಾಡಿತು. ೨೦೧೦ರಲ್ಲಿ ಆ ನಿಯಮವನ್ನು ಬಿಟ್ಟು, ದೇಹದ ೧೯ ಸ್ಥಾನಗಳಲ್ಲಿ ಎಷ್ಟರಲ್ಲಿ ನೋವಿದೆ, ದಣಿವೂ ನಿದ್ರಾದೋಷವೂ ಬುದ್ಧಿಮಾಂದ್ಯವೂ ಎಷ್ಟು ಎಂದು ರೋಗಿಯ ಬಾಯಿಂದಲೇ ಕೇಳಿ ಎಣಿಸುವ ಕ್ರಮವನ್ನು ತಂದರು. ರಕ್ತಪರೀಕ್ಷೆಯಾಗಲಿ ಕ್ಷಕಿರಣದ ಚಿತ್ರವಾಗಲಿ ಈ ರೋಗವನ್ನು ತೋರಿಸಲಾರದು. ನೂರು ಜನರಲ್ಲಿ ಹೆಚ್ಚು ಕಡಮೆ ಇಬ್ಬರಿಗೆ ಇದು ಇರುವುದೆಂದೂ ಅವರಲ್ಲಿ ಹೆಂಗಸರೇ ಹೆಚ್ಚೆಂದೂ ಹೇಳುತ್ತಾರೆ. ಕಣ್ಣಿಗೆ ಕಾಣದ ನೋವಾದುದರಿಂದ ಸುತ್ತಲಿನವರು ಕಣ್ಣಿಗೆ ಕಾಣುವ ಇನ್ನೊಂದನ್ನು ಹಿಡಿದುಕೊಳ್ಳುತ್ತಾರೆ. ರೋಗಿಯು ಸ್ಥೂಲಳಾಗಿದ್ದರೆ ಆ ಇನ್ನೊಂದು ಅವಳ ಮೈ. ರೋಗನಿರ್ಣಯದ ಮೇಲಣ ನಿಯಮಗಳಲ್ಲಿ ಮಾತ್ರ ತೂಕವೆಂಬುದಕ್ಕೆ ಎಲ್ಲಿಯೂ ಸ್ಥಾನವಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಹೆಸರಿನ ವಿಷಯವಾಗಿಯೂ ಎರಡು ಮಾತು ಅವಶ್ಯ. ಲ್ಯಾಟಿನಿನ ಫೈಬ್ರ ಎಂದರೆ ತಂತು. ಗ್ರೀಕಿನ ಮ್ಯೂಸ್ ಎಂದರೆ ಮಾಂಸಪೇಶಿ. ಆಲ್ಗೊಸ್ ಎಂದರೆ ವೇದನೆ. ಈ ಮ್ಯೂಸ್ ಎಂಬ ಶಬ್ದಕ್ಕೆ ಇಲಿಯೆಂಬ ಅರ್ಥವೂ ಉಂಟು, ಅದು ನಮ್ಮ ಮೂಷಿಕ ಶಬ್ದದ ದಾಯಾದಿ. ತೋಳಿನ ಪೇಶಿಯು ಚರ್ಮದ ಕೆಳಗೆ ಇಲಿಯಂತೆ ಓಡಾಡುವುದನ್ನು ಕಂಡು ಗ್ರೀಕರೂ ರೋಮನರೂ ಹೀಗೆ ಹೆಸರಿಟ್ಟರೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ. ಕನ್ನಡದಲ್ಲಿ ಈ ರೋಗವನ್ನು ಸ್ನಾಯುನೋವು ಎನ್ನುವವರಿದ್ದಾರೆ. ಇಲ್ಲಿ ಒಂದು ತೊಡಕಿದೆ. ಈಗಿನ ಪಠ್ಯಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಪೇಶಿ; ಸುಶ್ರುತನಲ್ಲಿ ಹಾಗಲ್ಲ. ಅವನು ಶಾರೀರಸ್ಥಾನದಲ್ಲಿ ಪೇಶಿಗಳನ್ನು ೫೦೦ ಎಂದೂ ಸ್ನಾಯುಗಳನ್ನು ೯೦೦ ಎಂದೂ ಬೇರೆ ಬೇರೆಯಾಗಿ ಎಣಿಸಿದ್ದಾನೆ. ಅವನ ಸ್ನಾಯುವು ಎಲುಬುಗಳನ್ನೂ ಸಂಧಿಗಳನ್ನೂ ಬಿಗಿದು ಕಟ್ಟುವ ತಂತುಬಂಧನ. ಹಲಗೆಗಳನ್ನು ಅನೇಕ ಬಂಧನಗಳಿಂದ ಚೆನ್ನಾಗಿ ಬಿಗಿದ ದೋಣಿಯು ಹೇಗೆ ನೀರಿನಲ್ಲಿ ಭಾರವನ್ನು ತಾಳುತ್ತದೆಯೋ ಹಾಗೆಯೇ ಸ್ನಾಯುಗಳಿಂದ ಬದ್ಧವಾದ ಸಂಧಿಗಳಿಂದಾಗಿ ಮನುಷ್ಯನು ಭಾರಸಹನಾಗುತ್ತಾನೆಂದು ಅವನು ಉಪಮಾನ ಕೊಡುತ್ತಾನೆ. ದುಬಾರೆಯಲ್ಲಿ ಕಾವೇರಿಯನ್ನು ದೋಣಿಯಲ್ಲಿ ದಾಟಿ ಶಿಬಿರವನ್ನು ಸೇರಿದವರಿಗೆ ಈ ಉಪಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ: ದೋಣಿಯನ್ನು ಮುಳುಗಿಸುವುದು ಹೊರೆಯೊಂದೇ ಅಲ್ಲ, ಬಂಧನದ ಸಡಿಲವೂ ಹೌದು. ಆದರೆ ಈಚಿನ ವೈದ್ಯರ ಅಭಿಪ್ರಾಯದಂತೆ ಫೈಬ್ರೊಮಯಾಲ್ಜಿಯದಲ್ಲಿ ದೋಷವಿರುವುದು ಪೇಶಿಯಲ್ಲಿಯೂ ಅಲ್ಲ, ಬಂಧನತಂತುವಿನಲ್ಲಿಯೂ ಅಲ್ಲ. ವೇದನೆಯನ್ನು ಒಯ್ದು ಮಿದುಳಿಗೆ ಒಪ್ಪಿಸುವ ನಾಡೀಮಾರ್ಗದಲ್ಲಿ. ಅಲ್ಪವಾದ ಸ್ಪರ್ಶವೂ ಆ ಮಾರ್ಗದಲ್ಲಿ ದೊಡ್ಡದಾಗಿ ಮುಟ್ಟುತ್ತದೆ. ಹೀಗಿರಲು ಆಂಗ್ಲ ಹೆಸರೂ ಕನ್ನಡದ ಹೆಸರೂ ರೋಗದ ಮನೆಯನ್ನು ತಪ್ಪಾಗಿ ತೋರಿಸುತ್ತಿವೆ. ವೇದನೆ ತೋರುವ ಎಡೆಯನ್ನಷ್ಟೇ ಹೇಳಿ ಕಾರಣದ ಗೊಡವೆಗೆ ಹೋಗದ ಸರ್ವಾಂಗವೇದನೆಯೆಂಬ ಮಾತು ಇವೆರಡಕ್ಕಿಂತ ನಿರ್ದುಷ್ಟವಾದುದು.

ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ರೋಗವೇ ಉಂಟೆಂದು ಸಾಧಿಸಹೊರಡುವುದು ಸಾಹಸ. ಹೊಸ ಶಾಸ್ತ್ರದ ಪ್ರತಿಯೊಂದು ಮಾತೂ ನಮ್ಮಲ್ಲಿ ಮೊದಲೇ ಇತ್ತೆಂಬ ಹಟವು ಹಳೆಯ ಗ್ರಂಥಕ್ಕೂ ಗೌರವ ತರುವುದಿಲ್ಲ. ಲಕ್ಷಣಗಳ ಸಾಮ್ಯವನ್ನು ಮಾತ್ರ ತೋರಿಸಬಹುದು. ಆ ಸಾಮ್ಯವು ಸಾಮಾನ್ಯವಾದುದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೨೮ನೆಯ ಅಧ್ಯಾಯವು ವಾತವ್ಯಾಧಿಗಳನ್ನು ಹೇಳುವಲ್ಲಿ, ಕುಪಿತವಾದ ವಾಯುವು ಒಂದೊಂದು ಧಾತುವನ್ನು ಹೊಕ್ಕಾಗ ತೋರುವ ಲಕ್ಷಣಗಳನ್ನು ಕ್ರಮವಾಗಿ ಕೊಡುತ್ತದೆ. ವಾಯುವು ಮಾಂಸಮೇದಸ್ಸುಗಳನ್ನು ಸೇರಿದಾಗ ಅಂಗಗಳು ಭಾರವಾಗುತ್ತವೆ, ಅತಿಶಯವಾಗಿ ಚುಚ್ಚಿದಂತಾಗುತ್ತದೆ, ದೊಣ್ಣೆಯಿಂದಲೂ ಮುಷ್ಟಿಯಿಂದಲೂ ಹೊಡೆದಂತೆ ನೋವಾಗುತ್ತದೆ, ಬಹಳ ಶ್ರಮವಾದಂತಿರುತ್ತದೆ. ವಾಗ್ಭಟನು ಅಷ್ಟಾಂಗಹೃದಯದ ನಿದಾನಸ್ಥಾನದಲ್ಲಿ ಇವುಗಳೊಡನೆ ಮೈ ಸೆಟೆದುಕೊಳ್ಳುವುದನ್ನೂ ಸೇರಿಸುತ್ತಾನೆ. ಮಜ್ಜೆಯನ್ನೂ ಅಸ್ಥಿಯನ್ನೂ ಸೇರಿದ ವಾತಕ್ಕೆ ಚರಕನು ನಿದ್ರೆಯಿಲ್ಲದಿರುವುದು, ಬಿಡದೆ ಇರುವ ನೋವು, ಮಾಂಸಬಲಗಳ ಕ್ಷಯ ಎಂಬ ಲಕ್ಷಣಗಳನ್ನು ಹೇಳುತ್ತಾನೆ. ನೋವು, ದಣಿವು, ಅನಿದ್ರೆ ಎಂಬ ಮೂರೂ ನೆರೆಹೊರೆಯಲ್ಲಿಯೇ ಇವೆ. ಅವುಗಳಲ್ಲಿ ಮೊದಲನೆಯ ವರ್ಗದಲ್ಲಿ ಮಾಂಸವನ್ನೂ ಮೇದಸ್ಸನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಪ್ರಕೃತ ವಿಷಯಕ್ಕೆ ತೀರ ಸಮೀಪವಾದುದು.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ವಾಯುವಿನ ಗುಣಗಳನ್ನು ಹೇಳುವಾಗ ಚರಕನು ರೂಕ್ಷ, ಶೀತ ಮೊದಲಾದವುಗಳ ಜತೆಯಲ್ಲಿ ಲಘು ಎಂಬುದನ್ನೂ ಹೇಳಿದ್ದಾನೆ. ಹಗುರವಾದ ವಾಯುವಿನಿಂದ ಅಂಗಗಳು ಭಾರವಾಗುವುದು ಹೇಗೆ? ಆಶ್ರಯವಾದ ಮಾಂಸಮೇದಸ್ಸುಗಳು ಗುರುವಾದುದರಿಂದ ಅವುಗಳ ಧರ್ಮವು ಅಲ್ಲಿ ತೋರುತ್ತದೆ, ನೋವು ಮಾತ್ರ ವಾಯುವಿನದು, ಎಂಬುದು ಒಂದು ಸಮಾಧಾನ. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಇಲ್ಲಿ ಹೇಳಿರುವ ಗುರುತ್ವವು ರೋಗಿಗೆ ತೋರುವ ಗುರುತ್ವ, ತಕ್ಕಡಿಯಲ್ಲಿ ತೋರುವುದಲ್ಲ. ಬಡಕಲಾದವನಿಗೂ ಅಂಗಗಳು ಭಾರವಾಗಬಹುದು. ಕನ್ನಡದ ಮಾತೂ ಇದಕ್ಕೆ ಸಾಕ್ಷಿ. ಜ್ವರ ಬರುವ ಮುಂಚೆ ಮೈ ಭಾರವಾಗಿದೆ ಎನ್ನುವವನು ತೂಕ ಏರಿತೆಂದು ಹೇಳುತ್ತಿಲ್ಲ. ಯಾರೋ ಹಿಡಿದು ಬಡಿದು ಹಾಕಿದಂತಿದೆ ಎಂಬ ಮಾತಂತೂ ಚರಕನ ದೊಣ್ಣೆಮುಷ್ಟಿಗಳನ್ನು ಓದದ ಹಳ್ಳಿಯ ಮುದುಕಿಯ ಬಾಯಲ್ಲಿಯೂ ಬರುತ್ತದೆ. ಅನುಭವದ ಭಾರವನ್ನೂ ಅಳತೆಯ ಭಾರವನ್ನೂ ಒಂದೇ ಶಬ್ದವು ಹೇಳುವುದರಿಂದಲೇ, ಮೈ ಭಾರವೆಂದವಳಿಗೆ ಹಾಗಾದರೆ ಮೈ ಇಳಿಸು ಎಂಬ ಉತ್ತರ ದೊರೆಯುತ್ತಿದೆ. ಇದು ಶ್ಲೇಷವನ್ನು ಹೇತುವೆಂದು ಭ್ರಮಿಸಿದಂತೆ.

ಹಾಗಾದರೆ ತೂಕಕ್ಕೂ ಈ ವೇದನೆಗೂ ಸಂಬಂಧವೇ ಇಲ್ಲವೆ? ಉಂಟು. ಅದನ್ನು ಮರೆಮಾಡುವುದೂ ರೋಗಿಗೆ ಉಪಕಾರವಲ್ಲ. ಈಗ ವೈದ್ಯರು ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿ ಬಂದ ಸಂಖ್ಯೆಯನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದಾರೆ; ೨೫ಕ್ಕೆ ಮೇಲೆ ಅತಿಭಾರ, ೩೦ಕ್ಕೆ ಮೇಲೆ ಸ್ಥೌಲ್ಯ; ಭಾರತೀಯರಿಗೆ ೨೩ಕ್ಕೂ ೨೫ಕ್ಕೂ ಈ ಮೇರೆಗಳನ್ನು ಇಳಿಸಿದ್ದಾರೆ. ನಾರ್ವೆ ದೇಶದ ಒಂದು ಪ್ರಾಂತದಲ್ಲಿ ಸುಮಾರು ೧೬೦೦೦ ಹೆಂಗಸರನ್ನು ೧೧ ವರ್ಷ ಗಮನಿಸಿ ೨೦೧೦ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಈ ಸಂಖ್ಯೆ ೨೫ ಅಥವಾ ಅದಕ್ಕೂ ಹೆಚ್ಚಿದ್ದವರಿಗೆ ಫೈಬ್ರೊಮಯಾಲ್ಜಿಯ ಬರುವ ಸಂಭವವು ಸಾಧಾರಣ ತೂಕದವರಿಗಿಂತ ನೂರಕ್ಕೆ ೬೦ರಿಂದ ೭೦ರಷ್ಟು ಹೆಚ್ಚೆಂದು ಕಂಡುಬಂದಿತು. ತೂಕವೂ ಹೆಚ್ಚಾಗಿ ವ್ಯಾಯಾಮವೂ ಇಲ್ಲದವರಲ್ಲಿ ಅದು ಸುಮಾರು ಎರಡರಷ್ಟು. ಅದೇ ವರ್ಷ ಅಮೆರಿಕದಲ್ಲಿ ೨೧೫ ಮಂದಿ ರೋಗಿಗಳನ್ನು ಪರೀಕ್ಷಿಸಿದಾಗ ನೂರಕ್ಕೆ ೪೭ ಮಂದಿ ಸ್ಥೂಲರು, ೩೦ ಮಂದಿ ಅತಿಭಾರದವರು. ಸ್ಥೂಲರಲ್ಲಿ ಒತ್ತಿದರೆ ನೋಯುವುದು ಹೆಚ್ಚು, ಶಕ್ತಿ ಕಡಮೆ, ನಿದ್ರೆ ಹ್ರಸ್ವ.

ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ಅಂಕಿಗಳಲ್ಲಿಯೇ ಇನ್ನೊಂದು ಮುಖವೂ ಕಾಣಬೇಕು. ಕಾರಣವೆನ್ನಬೇಕಾದರೆ ಅನ್ವಯವ್ಯತಿರೇಕಗಳು ಕೂಡಿಬರಬೇಕಷ್ಟೆ. ಆ ಅಮೆರಿಕದ ರೋಗಿಗಳಲ್ಲಿ ನೂರಕ್ಕೆ ೨೩ ಮಂದಿಗೆ ತೂಕ ಹೆಚ್ಚಿರಲಿಲ್ಲ, ಭಾರವಿಲ್ಲದೆಯೂ ರೋಗವಿದೆ. ನಾರ್ವೆಯ ೧೬೦೦೦ ಹೆಂಗಸರಲ್ಲಿ ೧೧ ವರ್ಷಗಳಲ್ಲಿ ರೋಗ ಬಂದವರು ಎಲ್ಲ ತೂಕದವರೂ ಸೇರಿ ೩೮೦ ಮಂದಿ. ಭಾರವಿದ್ದವರಲ್ಲಿ ಬಹುಪಾಲು ಜನರಿಗೆ ರೋಗ ಬರಲೇ ಇಲ್ಲ. ಹೀಗೆ ಎರಡು ಕಡೆಯಲ್ಲಿಯೂ ವ್ಯಭಿಚಾರವಿರುವಾಗ ತೂಕವು ರೋಗದ ಕಾರಣವೆನ್ನಲಾಗದು; ಸಹಕಾರಿಯೆನ್ನಬಹುದು. ಸಹಕಾರಿಯನ್ನು ತಗ್ಗಿಸಿದರೆ ಕಾರ್ಯವೂ ಸ್ವಲ್ಪ ತಗ್ಗುವುದು ನ್ಯಾಯವೇ. ೨೦ ವಾರಗಳ ಒಂದು ಪ್ರಯೋಗದಲ್ಲಿ ಅತಿಭಾರದ ಹೆಂಗಸರು ಸರಾಸರಿ ತಮ್ಮ ತೂಕದ ನೂರಕ್ಕೆ ೪.೪ ಪಾಲನ್ನು ಕಳೆದುಕೊಂಡರು. ಕಳೆದುಕೊಂಡ ತೂಕದೊಡನೆ ರೋಗದ ತೊಂದರೆಯೂ ತಗ್ಗುವ ಸಂಬಂಧ ಕಂಡಿತು. ಈಜಿಪ್ಟಿನಲ್ಲಿ ೮೩ ಮಂದಿ ಸ್ಥೂಲರೋಗಿಗಳನ್ನು ಎರಡು ಗುಂಪು ಮಾಡಿ ಒಂದು ಗುಂಪಿನವರ ತೂಕವನ್ನು ಆರು ತಿಂಗಳ ಪಥ್ಯದಿಂದ ಇಳಿಸಿದಾಗ ಅವರಿಗೆ ನೋವಿನ ಬಿಂದುಗಳೂ ಮನಸ್ಸಿನ ಕುಗ್ಗುವಿಕೆಯೂ ಕಡಮೆಯಾದವು, ನಿದ್ರೆ ಉತ್ತಮವಾಯಿತು. ಇದು ೨೦೧೨ರಲ್ಲಿ ಪ್ರಕಟವಾಯಿತು. ಕಡಮೆಯಾದವು ಎಂದಿದೆ, ಹೋದವು ಎಂದಿಲ್ಲ. ತೂಕ ಇಳಿಸಿದರೆ ರೋಗ ಹೋಗುತ್ತದೆಂದು ಮಾತುಕೊಡುವ ವೈದ್ಯನು ಇಳಿಸಿಯೂ ನೋವುಳಿದ ರೋಗಿಯ ಮುಂದೆ ಏನು ಹೇಳುವನು?

ಈ ಸಹಕಾರವು ನಡೆಯುವ ಬಗೆ ಹೇಗೆಂಬಲ್ಲಿ ಚರಕನ ಸೂತ್ರಸ್ಥಾನದ ೨೧ನೆಯ ಅಧ್ಯಾಯವನ್ನು ಓದುವುದು ಬಹಳ ಸ್ವಾರಸ್ಯ. ಅಷ್ಟೌನಿಂದಿತೀಯವೆಂದು ಅದರ ಹೆಸರು. ಅತಿದೀರ್ಘ, ಅತಿಹ್ರಸ್ವ ಮೊದಲಾದ ಎಂಟು ನಿಂದಿತ ಶರೀರಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಅತಿಕೃಶ ಎಂಬ ಎರಡನ್ನು ವಿಸ್ತರಿಸಿದೆ. ಮೇದಸ್ಸು ಮಾರ್ಗಗಳನ್ನು ಮುಚ್ಚುವುದರಿಂದ ವಾಯುವು ಕೋಷ್ಠದಲ್ಲಿಯೇ ಸುಳಿದು ಅಗ್ನಿಯನ್ನು ಉರಿಸುತ್ತದೆ. ಅದರಿಂದ ಹಸಿವು, ಹಸಿವಿನಿಂದ ಆಹಾರ, ಆಹಾರದಿಂದ ಮತ್ತೆ ಮೇದಸ್ಸು. ಕಾಡುಗಿಚ್ಚು ಕಾಡನ್ನು ಸುಡುವಂತೆ ಅಗ್ನಿವಾಯುಗಳು ಸ್ಥೂಲನನ್ನು ಸುಡುತ್ತವೆಂದು ಹೇಳಿದೆ. ಇದು ಹೊಟ್ಟೆಬಾಕತನದ ನಿಂದೆಯಲ್ಲವೆಂಬುದನ್ನು ನೋಡಬೇಕು. ಸ್ಥೂಲನು ಉಣ್ಣುವುದು ಅವನ ಲೋಭದಿಂದಲ್ಲ, ದೇಹದಲ್ಲಿ ತಿರುಗುತ್ತಿರುವ ಒಂದು ಚಕ್ರದಿಂದ. ಇನ್ನೂ ವಿಶೇಷವೆಂದರೆ, ಇದೇ ಅಧ್ಯಾಯದ ಉತ್ತರಾರ್ಧದಲ್ಲಿ ಚರಕನು ನಿದ್ರೆಯನ್ನು ಎತ್ತಿಕೊಳ್ಳುತ್ತಾನೆ. ಸುಖದುಃಖಗಳೂ ಪುಷ್ಟಿಕಾರ್ಶ್ಯಗಳೂ ಬಲಾಬಲಗಳೂ ನಿದ್ರೆಯನ್ನು ಅವಲಂಬಿಸಿವೆಯೆಂದೂ, ಸ್ಥೌಲ್ಯಕಾರ್ಶ್ಯಗಳೆರಡೂ ವಿಶೇಷವಾಗಿ ನಿದ್ರಾಹಾರಗಳಿಂದಲೇ ಹುಟ್ಟುವವೆಂದೂ ಅವನ ಅಭಿಪ್ರಾಯ. ಮೈಯ ತೂಕವನ್ನು ಹೇಳುವ ಅಧ್ಯಾಯದಲ್ಲಿ ನಿದ್ರೆಗೇನು ಕೆಲಸವೆಂದು ಕೇಳುವವರಿಗೆ ಈಚಿನ ಶೋಧನೆಗಳು ಉತ್ತರ ಕೊಡುತ್ತಿವೆ. ೧೯೭೫ರಲ್ಲಿ ಮೋಲ್ಡಾಫ್‌ಸ್ಕಿ ಎಂಬ ವೈದ್ಯನೂ ಅವನ ಸಂಗಡಿಗರೂ ಆರೋಗ್ಯವಂತರನ್ನು ಮಲಗಿಸಿ, ಗಾಢನಿದ್ರೆ ಬಂದಾಗಲೆಲ್ಲ ಸದ್ದು ಮಾಡಿ ಅದನ್ನು ಕೆಡಿಸಿದರು. ಪೂರ್ತಿಯಾಗಿ ಎಬ್ಬಿಸದೆ ಹೋದರೂ ಅವರಿಗೆ ಮೈಕೈನೋವು ಕಾಣಿಸಿಕೊಂಡಿತು. ನಿದ್ರೆ ಕೆಟ್ಟರೆ ಹಸಿವು ಹೆಚ್ಚುವುದೂ, ಮೇದೋಧಾತುವು ಹೆಚ್ಚಿದಾಗ ಅದರಿಂದ ಉರಿಯೂತವನ್ನು ಪ್ರೇರಿಸುವ ದ್ರವ್ಯಗಳು ರಕ್ತಕ್ಕೆ ಇಳಿಯುವುದೂ, ಕೊಬ್ಬಿನ ಕುತ್ತಿಗೆಯುಳ್ಳವರಿಗೆ ರಾತ್ರಿ ಉಸಿರು ಕಟ್ಟಿ ನಿದ್ರೆ ಒಡೆಯುವುದೂ ಈಗ ತಿಳಿದ ಸಂಗತಿಗಳು. ನೋವಿನಿಂದ ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟು ತೂಕ ಏರುತ್ತದೆ, ತೂಕ ಏರಿ ನಡಿಗೆ ಕುಂದುತ್ತದೆ, ನಡಿಗೆ ಕುಂದಿ ನೋವು ಬಲಿಯುತ್ತದೆ. ಇದನ್ನು ಅನ್ಯೋನ್ಯಾಶ್ರಯವೆನ್ನಿ, ಬೀಜಾಂಕುರನ್ಯಾಯವೆನ್ನಿ. ಮೊದಲು ಯಾವುದೆಂದು ಕೇಳಿ ಪ್ರಯೋಜನವಿಲ್ಲ, ಎಲ್ಲಿ ಕಡಿದರೆ ಸುಲಭವೆಂದು ಕೇಳಬೇಕು.

ಸುಲಭವಾದ ಎಡೆ ನಡಿಗೆಯೇ ಎಂದು ತೋರುತ್ತದೆ. ಐರೋಪ್ಯ ವೈದ್ಯರ ಸಂಸ್ಥೆಯು ಈ ರೋಗದ ಚಿಕಿತ್ಸೆಗಳನ್ನೆಲ್ಲ ತುಲನೆ ಮಾಡಿ ೨೦೧೬ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ ಬಲವಾಗಿ ವಿಧಿಸಿದ್ದು ಒಂದನ್ನೇ, ವ್ಯಾಯಾಮವನ್ನು. ಔಷಧಗಳಿಗೂ ಆ ಬಲ ದೊರೆಯಲಿಲ್ಲ. ತೂಕವು ಇಳಿಯದಿದ್ದರೂ ವ್ಯಾಯಾಮದ ಉಪಕಾರ ಇದ್ದೇ ಇದೆ. ಆದರೆ ಮೈಯೆಲ್ಲ ಬಡಿದಂತೆ ನೋಯುವವಳಿಗೆ ನಡೆ, ಓಡು ಎನ್ನುವುದು ಹೇಗೆ? ಮೊದಲ ದಿನವೇ ಶಕ್ತಿಮೀರಿ ನಡೆದು ಮೂರು ದಿನ ಹಾಸಿಗೆ ಹಿಡಿದವರು ಮತ್ತೆ ಆ ಗೊಡವೆಗೆ ಹೋಗುವುದಿಲ್ಲ. ಇಲ್ಲಿ ವಾಗ್ಭಟನ ಅರ್ಧಶಕ್ತಿಯೆಂಬ ಮಾತು ಬಹು ಪ್ರಯೋಜಕ. ಬಲವುಳ್ಳವರೂ ಜಿಡ್ಡಿನ ಆಹಾರ ಉಣ್ಣುವವರೂ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡತಕ್ಕದ್ದು, ಉಳಿದ ಕಾಲದಲ್ಲಿ ಇನ್ನೂ ಮಂದವಾಗಿ, ಎಂದು ಅವನ ವಿಧಿ. ಬಲಿಷ್ಠರಿಗೇ ಅರ್ಧವಾದರೆ ರೋಗಿಗೆ ಎಷ್ಟು ಎಂಬುದನ್ನು ಊಹಿಸಬಹುದು. ಅರ್ಧವೆಂಬುದನ್ನು ತಿಳಿಯುವುದು ಹೇಗೆಂದರೆ ಸುಶ್ರುತನು ಗುರುತು ಹೇಳಿದ್ದಾನೆ: ಎದೆಯಲ್ಲಿರುವ ಉಸಿರು ಬಾಯಿಗೆ ಬಂದರೆ ಅದು ಅರ್ಧಬಲ. ಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ಕೆಡುತ್ತಾನೆಂದು ವಾಗ್ಭಟನು ಎಚ್ಚರಿಸುತ್ತಾನೆ. ಇಂದಿನ ವೈದ್ಯರೂ ಅಲ್ಪದಿಂದ ಆರಂಭಿಸಿ ವಾರವಾರಕ್ಕೂ ಸ್ವಲ್ಪಸ್ವಲ್ಪವೇ ಏರಿಸತಕ್ಕದ್ದೆನ್ನುತ್ತಾರೆ. ನೀರಿನಲ್ಲಿ ಮಾಡುವ ವ್ಯಾಯಾಮವನ್ನೂ ಹೇಳುತ್ತಾರೆ, ಅಲ್ಲಿ ದೇಹದ ಭಾರವನ್ನು ನೀರು ಹೊರುವುದರಿಂದ. ಶೋಭೆಯನ್ನು ಅನುಸರಿಸಿ ವ್ಯಾಯಾಮವೆಂಬ ಕೌಟಿಲ್ಯನ ವಿಧಿಗೂ ಇದಕ್ಕೂ ಇರುವ ಸಾದೃಶ್ಯವು ಸ್ಪಷ್ಟ. ದಸರೆಯ ಆನೆಗಳಿಗೂ ಅಂಬಾರಿಯನ್ನು ಒಮ್ಮೆಗೇ ಹೊರಿಸುವುದಿಲ್ಲ. ಮೊದಲು ಬರಿಯ ನಡಿಗೆ, ಅನಂತರ ಮರಳಿನ ಮೂಟೆಗಳು, ಆಮೇಲೆ ಮರದ ಅಂಬಾರಿ, ಹೀಗೆ ವಾರಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ.

ಪಥ್ಯದ ವಿಷಯದಲ್ಲಿ ಚರಕನು ಸ್ಥೌಲ್ಯಚಿಕಿತ್ಸೆಯ ಕಷ್ಟವನ್ನು ಮುಚ್ಚಿಡುವುದಿಲ್ಲ. ಸ್ಥೂಲನಿಗೆ ಪುಷ್ಟಿ ಕೊಟ್ಟರೆ ಮೇದಸ್ಸು ಬೆಳೆಯುತ್ತದೆ, ಉಪವಾಸ ಮಾಡಿಸಿದರೆ ಪ್ರಬಲವಾದ ಅಗ್ನಿವಾಯುಗಳು ಸಹಿಸವು. ಸ್ಥೌಲ್ಯಕಾರ್ಶ್ಯಗಳಲ್ಲಿ ಕಾರ್ಶ್ಯವೇ ಮೇಲೆನ್ನುತ್ತಾನೆ. ಸ್ಥೂಲನಿಗೆ ಗುರುವಾಗಿದ್ದು ಪುಷ್ಟಿ ಕೊಡದ ಆಹಾರವು ಹಿತವೆಂದು ನಿರ್ಣಯ: ಹೊಟ್ಟೆ ತುಂಬಬೇಕು, ಮೈ ಬೆಳೆಯಬಾರದು. ಗುರುಶಬ್ದವು ಇಲ್ಲಿ ಮೂರನೆಯ ಅರ್ಥದಲ್ಲಿ ಬಂದಿದೆ, ತಡವಾಗಿ ಜೀರ್ಣವಾಗುವುದು ಎಂದು. ಹಸಿವಿನಿಂದ ಬಳಲಿಸಿ ತೂಕ ಇಳಿಸುವ ಇಂದಿನ ಕೆಲವು ಪದ್ಧತಿಗಳಿಗೆ ಇದು ಪ್ರತಿಕೂಲ. ಇಂದಿನ ಔಷಧಗಳಲ್ಲಿಯೂ ಒಂದು ಸಂಕಟವಿದೆ. ಈ ವೇದನೆಗೆ ಕೊಡುವ ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಔಷಧಗಳಿಂದ ಅನೇಕರಿಗೆ ತೂಕ ಏರುತ್ತದೆ. ವೈದ್ಯನ ಕೈಯಿಂದಲೇ ಏರಿದ ತೂಕಕ್ಕಾಗಿ ರೋಗಿಯನ್ನು ಗದರಿಸುವುದು ಯಾವ ನ್ಯಾಯವೋ ತಿಳಿಯದು. ಔಷಧವನ್ನು ಆರಿಸುವಾಗಲೇ ಈ ಮಾತನ್ನು ರೋಗಿಗೆ ಹೇಳತಕ್ಕದ್ದು. ತಾವಾಗಿ ಹಠಾತ್ತಾಗಿ ಔಷಧವನ್ನು ನಿಲ್ಲಿಸುವುದೂ ಅಪಾಯ.

ಉಳಿದವರು ಕೃಶರು. ಭಾರವೇ ರೋಗವೆಂಬ ಮಾತಿನಿಂದ ಅತ್ಯಂತ ಅನ್ಯಾಯಕ್ಕೆ ಗುರಿಯಾದವರು ಇವರೇ. ನಿನಗೇನು, ಮೈಯಲ್ಲಿ ಮಾಂಸವೇ ಇಲ್ಲ, ನೋವೆಲ್ಲಿಂದ ಬಂದಿತು ಎಂಬ ಮಾತನ್ನು ಇವರು ಕೇಳಬೇಕಾಗಿದೆ. ಧಾತುಕ್ಷಯದಿಂದಲೂ ವಾತವು ಕುಪಿತವಾಗುವುದೆಂಬುದು ವೈದ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಇಂಥವರಿಗೆ ಚರಕನು ಲಘುವೂ ಪುಷ್ಟಿಕರವೂ ಆದ ಆಹಾರ, ನಿದ್ರೆ, ಸಂತೋಷ, ಸುಖವಾದ ಹಾಸಿಗೆ, ಮನಸ್ಸಿನ ನೆಮ್ಮದಿ ಇವುಗಳನ್ನು ಹೇಳಿ, ಚಿಂತೆಯನ್ನೂ ವ್ಯಾಯಾಮವನ್ನೂ ಬಿಡಿಸುತ್ತಾನೆ. ಕೊನೆಯ ಮಾತಿನಲ್ಲಿ ಇಂದಿನವರು ಅವನೊಡನೆ ಒಪ್ಪುವುದಿಲ್ಲ: ಸರ್ವಾಂಗವೇದನೆಯುಳ್ಳ ಕೃಶನಿಗೂ ಮಿತವಾದ ನಡಿಗೆಯು ಬೇಕೆಂದೇ ಅವರ ಅನುಭವ. ಈ ಒಂದು ವಿಷಯದಲ್ಲಿ ಇಂದಿನವರ ಪಕ್ಷವೇ ಪ್ರಬಲ. ಏಕೆಂದರೆ ಚರಕನು ಅಲ್ಲಿ ಬಡವಾದ ಮೈಯನ್ನು ತುಂಬಿಸುವುದಕ್ಕೆ ವಿಧಿಸುತ್ತಿದ್ದಾನೆ, ನೋವಿನ ಚಿಕಿತ್ಸೆಯನ್ನು ಹೇಳುತ್ತಿಲ್ಲ.